ಅಮೆರಿಕ ಎರಡಾಗಿದ್ದು ಯಾಕೆ? ಹತ್ತಿ ಹೊಲದಿಂದ ಶುರುವಾದ ಕತೆ

1861ರ ನಂತರದ ನಾಲ್ಕು ವರ್ಷ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಅಮೆರಿಕದಲ್ಲಿ ಉತ್ತರದವರ ಹಡಗುಗಳು ದಕ್ಷಿಣದ ಬಂದರುಗಳನ್ನು ಅಡ್ಡಗಟ್ಟಿದ್ದವು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಅರಳೆ ಬರುವುದು ಹೆಚ್ಚುಕಡಿಮೆ ನಿಂತುಹೋಗಿತ್ತು. ನಮ್ಮ ಎರೆ ಹೊಲದ ಹತ್ತಿ ಸಲೀಸಾಗಿ ಹಡಗು ಹತ್ತಲಿ ಅಂತ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ ಬಂದರನ್ನು ಬೆಳೆಸಲು ಹೊರಟರು. ಅತ್ತ ಅಮೆರಿಕದ ಅಂತರ್ಯುದ್ಧದಲ್ಲಿ ಒಂದೇ ದೇಶದ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು.

ಉತ್ತರ ಬೇರೆ, ದಕ್ಷಿಣ ಬೇರೆ ಎಂಬುದು ಆ ದೇಶ ಹುಟ್ಟಿದಾಗಲೇ ಇತ್ತು. ಉತ್ತರದಲ್ಲಿ ಸಣ್ಣ ಹೊಲಗಳು, ಪೇಟೆಗಳು, ಆಮೇಲೆ ಗಿರಣಿ ಮತ್ತು ರೈಲು. ದಕ್ಷಿಣದಲ್ಲಿ ತಂಬಾಕು, ಭತ್ತ, ಹತ್ತಿಯ ದೊಡ್ಡ ದೊಡ್ಡ ತೋಟಗಳು. ಆದರೆ ಬೆಳೆ ಬೇರೆ, ಮಾತಿನ ಧಾಟಿ ಬೇರೆ ಅಂದಮಾತ್ರಕ್ಕೆ ಜನ ಬಂದೂಕು ಹಿಡಿಯುವುದಿಲ್ಲ, ಅಲ್ವಾ? ಆ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಜಗಳದ ಬೇರು ಇದ್ದದ್ದು ಅಲ್ಲಿ.

ಗುಲಾಮಗಿರಿ ತಾನಾಗಿ ಸತ್ತುಹೋಗುತ್ತದೆ ಎಂದು ಅಲ್ಲಿನ ಹಿರಿಯರಲ್ಲಿ ಕೆಲವರು ನಂಬಿದ್ದರು. ಆದರೆ 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ ಯಂತ್ರ ಮಾಡಿದ. ಕೈಯಲ್ಲಿ ದಿನವಿಡೀ ಎಳೆಯುತ್ತಿದ್ದ ಕೆಲಸ ಸರಸರ ಮುಗಿಯತೊಡಗಿತು. ಹತ್ತಿಯಲ್ಲಿ ಲಾಭ ಕಂಡಿತು, ಹೊಸ ಹೊಸ ಭೂಮಿ ಹೊಲವಾಯಿತು, ಬಿತ್ತಲು ಬಿಡಿಸಲು ಕೈಗಳು ಬೇಕಾದವು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ರ ಹೊತ್ತಿಗೆ ಹತ್ತಿರ ಹತ್ತಿರ 40 ಲಕ್ಷವಾದರು. 1808ರಲ್ಲಿ ಹೊರಗಿನಿಂದ ಗುಲಾಮರನ್ನು ತರುವುದನ್ನು ನಿಷೇಧಿಸಿದ ಮೇಲೆ ಒಳಗಿನ ವ್ಯಾಪಾರವೇ ಜೋರಾಯಿತು. ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಸುಮಾರು 10 ಲಕ್ಷ ಜನರನ್ನು ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾದ ಹೊಲಗಳಿಗೆ ಸಾಗಿಸಿದರು. ತಾಯಿ ಒಂದು ಕಡೆ ಮಾರಾಟವಾದರೆ ಮಗು ಇನ್ನೊಂದು ಕಡೆ.

ಉತ್ತರದವರ ಕೈಯೂ ಶುದ್ಧವಾಗಿರಲಿಲ್ಲ. ಆ ಹತ್ತಿಗೆ ಸಾಲ ಕೊಟ್ಟದ್ದು ನ್ಯೂಯಾರ್ಕಿನ ಬ್ಯಾಂಕುಗಳು, ನೂಲು ತೆಗೆದದ್ದು ಉತ್ತರದ ಲೋವೆಲ್ ಪಟ್ಟಣದ ಗಿರಣಿಗಳು.

ರಾಜಕಾರಣಿಗಳು ಪ್ರತಿ ಸಲ ತೇಪೆ ಹಾಕಿದರು. 1787ರ ಸಂವಿಧಾನದಲ್ಲಿ, ರಾಜ್ಯಗಳಿಗೆ ಸಂಸತ್ತಿನ ಸೀಟು ಹಂಚುವಾಗ ಐದು ಗುಲಾಮರನ್ನು ಮೂರು ಜನ ಎಂದು ಎಣಿಸಲು ಒಪ್ಪಿದರು. ಮತ ಹಾಕುವ ಹಕ್ಕೇ ಇಲ್ಲದವರ ಲೆಕ್ಕದಲ್ಲಿ ಅವರ ಒಡೆಯರಿಗೆ ಜಾಸ್ತಿ ಸೀಟು ಸಿಕ್ಕಿತು. 1820ರಲ್ಲಿ ಮಿಸ್ಸೂರಿ ರಾಜ್ಯವನ್ನು ಸೇರಿಸಿಕೊಳ್ಳುವಾಗ ನಕ್ಷೆಯ ಮೇಲೆ ಗೆರೆ ಎಳೆದರು. ಪಶ್ಚಿಮದ ಆ ಹೊಸ ಭೂಮಿಯಲ್ಲಿ, ಮಿಸ್ಸೂರಿಯೊಂದನ್ನು ಬಿಟ್ಟು, ಗೆರೆಯ ಉತ್ತರಕ್ಕೆ ಗುಲಾಮಗಿರಿ ಇಲ್ಲ, ದಕ್ಷಿಣಕ್ಕೆ ಇದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು 1850ರ ಕಾನೂನು. ತಪ್ಪಿಸಿಕೊಂಡು ಉತ್ತರಕ್ಕೆ ಬಂದವರನ್ನು ಹಿಡಿದುಕೊಡಬೇಕು, ಸಾಮಾನ್ಯ ಜನರೂ ಕೈಜೋಡಿಸಬೇಕು. ಸಿಕ್ಕಿಬಿದ್ದವನಿಗೆ ತನ್ನ ಪರ ಸಾಕ್ಷಿ ಹೇಳುವ ಅವಕಾಶವೂ ಇಲ್ಲ. ತೀರ್ಪು ಕೊಡುವ ಅಧಿಕಾರಿ ಅವನನ್ನು ಗುಲಾಮ ಎಂದರೆ ಅಧಿಕಾರಿಗೆ 10 ಡಾಲರ್ ಸಂಭಾವನೆ, ಸ್ವತಂತ್ರ ಎಂದರೆ 5 ಡಾಲರ್. ಗುಲಾಮಗಿರಿ ಎಲ್ಲೋ ದೂರದ ವಿಷಯ ಅಂದುಕೊಂಡಿದ್ದ ಉತ್ತರದವರ ಮನೆ ಬಾಗಿಲಿಗೇ ಅದು ಬಂದು ನಿಂತಿತು. 1854ರಲ್ಲಿ ಆಂಟನಿ ಬರ್ನ್ಸ್ ಎಂಬ ಯುವಕನನ್ನು ಬಾಸ್ಟನ್ನಿನಿಂದ ವಾಪಸ್ ಕಳಿಸುವಾಗ ಸಾವಿರಾರು ಜನ ಬೀದಿಯಲ್ಲಿ ನಿಂತು ನೋಡಿದರು. ಅವನ ಸುತ್ತ ಸೈನಿಕರ ಕಾವಲಿತ್ತು.

ಅಷ್ಟರಲ್ಲಿ ಚರ್ಚುಗಳೂ ಒಡೆದಿದ್ದವು. ಗುಲಾಮಗಿರಿಯ ವಿಚಾರಕ್ಕೇ ಮೆಥಡಿಸ್ಟರು, ಬ್ಯಾಪ್ಟಿಸ್ಟರು 1840ರ ದಶಕದಲ್ಲಿ ಉತ್ತರ-ದಕ್ಷಿಣ ಎಂದು ಬೇರೆಯಾಗಿದ್ದರು. 1854ರಲ್ಲಿ 1820ರ ಆ ಗೆರೆಯನ್ನು ಅಳಿಸಿದ ಮೇಲೆ, ಗುಲಾಮಗಿರಿ ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ಜಗಳವಾಗಿ ಪಶ್ಚಿಮದ ಕಾನ್ಸಸ್‌ನಲ್ಲಿ ರಕ್ತ ಹರಿಯಿತು. 1857ರಲ್ಲಿ, ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಬಿಡುಗಡೆಗಾಗಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಕರಿಯರು ಈ ದೇಶದ ಪ್ರಜೆಗಳೇ ಆಗಲಾರರು ಎಂದಿತು.

1860ರ ಚುನಾವಣೆಯಲ್ಲಿ ಲಿಂಕನ್ ಗೆದ್ದರು. ಇರುವ ಕಡೆ ಗುಲಾಮಗಿರಿಯನ್ನು ಮುಟ್ಟುವುದಿಲ್ಲ, ಹೊಸ ಪ್ರದೇಶಗಳಿಗೆ ಹರಡಲು ಬಿಡುವುದಿಲ್ಲ ಎಂಬುದಷ್ಟೇ ಅವರ ನಿಲುವು. ದಕ್ಷಿಣಕ್ಕೆ ಅಷ್ಟೇ ಸಾಕಾಯಿತು. ಡಿಸೆಂಬರ್ 20ರಂದು ಸೌತ್ ಕರೋಲಿನಾ ಹೊರನಡೆಯಿತು. ಒಟ್ಟು 11 ರಾಜ್ಯಗಳು ಹೊರಬಿದ್ದವು.

ಅವು ಹೋರಾಡಿದ್ದು ರಾಜ್ಯಗಳ ಹಕ್ಕಿಗಾಗಿ ಎಂದು ಆಮೇಲೆ ಬಹಳ ಜನ ಹೇಳಿದರು. ಇದನ್ನು ನಾನು ಒಪ್ಪುವುದಿಲ್ಲ. ತಮ್ಮ ನಿಲುವು ಗುಲಾಮಗಿರಿಗೆ ಸಂಪೂರ್ಣವಾಗಿ ಅಂಟಿಕೊಂಡಿದೆ ಎಂದು ಮಿಸಿಸಿಪ್ಪಿ ತನ್ನ ಘೋಷಣೆಯ ಶುರುವಿನಲ್ಲೇ ಬರೆದುಕೊಂಡಿತ್ತು. ಓಡಿಹೋದವರನ್ನು ಉತ್ತರದ ರಾಜ್ಯಗಳು ಹಿಡಿದುಕೊಡುತ್ತಿಲ್ಲ ಎಂಬುದು ಸೌತ್ ಕರೋಲಿನಾದ ದೊಡ್ಡ ದೂರಾಗಿತ್ತು. ಆಗ ಉತ್ತರದ ರಾಜ್ಯಗಳ ಹಕ್ಕು ಅವರಿಗೆ ನೆನಪಾಗಲಿಲ್ಲ.

1861ರ ಏಪ್ರಿಲ್ 12ರಂದು, ಸೌತ್ ಕರೋಲಿನಾದಲ್ಲಿ ಉತ್ತರದವರ ಕೈಯಲ್ಲಿದ್ದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು ಬಿತ್ತು. ನಾಲ್ಕು ವರ್ಷದಲ್ಲಿ 6 ಲಕ್ಷಕ್ಕೂ ಜಾಸ್ತಿ ಸೈನಿಕರು ಸತ್ತರು. ಸುಮಾರು 1.8 ಲಕ್ಷ ಕರಿಯರು ಉತ್ತರದ ಸೈನ್ಯ ಸೇರಿ ತಮ್ಮ ಬಿಡುಗಡೆಗೆ ತಾವೇ ಹೋರಾಡಿದರು. 1865ರ ಡಿಸೆಂಬರ್‌ನಲ್ಲಿ ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ಕೊನೆಗೊಳಿಸಿತು.

ಬಿಡುಗಡೆಯಾದವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತಮ್ಮವರನ್ನು ಹುಡುಕುವುದು. ಅಮ್ಮನನ್ನು ಯಾವ ಊರಲ್ಲಿ ಮಾರಿದರು, ಕೊಂಡವನ ಹೆಸರೇನು, ತಮ್ಮನಿಗೆ ಆಗ ಎಷ್ಟು ವಯಸ್ಸು ಎಂದೆಲ್ಲ ನೆನಪಿದ್ದಷ್ಟನ್ನು ಬರೆಸಿ ಪತ್ರಿಕೆಗಳಿಗೆ ಜಾಹೀರಾತು ಕೊಟ್ಟರು. ಯುದ್ಧ ಮುಗಿದು 30 ವರ್ಷ ದಾಟಿದರೂ ಅಂಥ ಜಾಹೀರಾತುಗಳು ಬರುತ್ತಲೇ ಇದ್ದವು.