ಮಿಂಚಂಚೆಯ ಹೊಸ್ತಿಲಲ್ಲಿ ವೇಷ ಬದಲಿಸುವ ಅಕ್ಷರಗಳು

ಮಿಂಚಂಚೆಯಲ್ಲಿ ಅಕ್ಷರ ಕೆಟ್ಟು ಬಂದಾಗಲೆಲ್ಲ ‘ಫಾಂಟ್ ಇಲ್ಲ’ ಎಂದು ತೀರ್ಪು ಕೊಟ್ಟುಬಿಡುವವರನ್ನು ಕಂಡರೆ ನನಗೆ ಸಹನೆ ಉಳಿಯುವುದಿಲ್ಲ. ಫಾಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಕಾಣುವುದು ಖಾಲಿ ಚೌಕಗಳು. ತಲೆಬುಡವಿಲ್ಲದ ಅಕ್ಷರಗಳ ಸಂತೆ ಕಂಡರೆ ಬೈಟುಗಳು, ಅಂದರೆ ಅಕ್ಷರಗಳನ್ನು ಸೂಚಿಸುವ ಸಂಖ್ಯೆಗಳು, ಬಹುಮಟ್ಟಿಗೆ ಸರಿಯಾಗಿಯೇ ಬಂದಿವೆ, ಅವನ್ನು ಯಾವ ಪಟ್ಟಿಯಂತೆ ಓದಬೇಕೆಂದು ಹೇಳಲು ಅಂಟಿಸಿದ ಚೀಟಿ ತಪ್ಪಾಗಿದೆ. ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳೇ ಕಂಡರೆ ಅಕ್ಷರ ನಡುದಾರಿಯಲ್ಲೇ ಸತ್ತಿದೆ. ಅದನ್ನು ಯಾವ ಫಾಂಟೂ ಬದುಕಿಸಲಾರದು. ಈ ಕೊನೆಯ ಎರಡೂ ಅನಾಹುತಗಳಿಗೆ ಒದಗಿಬರುವ ಜಾಗವೆಂದರೆ ಕನೆಕ್ಟರ್, ಅಂದರೆ ಸಂಸ್ಥೆಯೊಳಗಿನ ಅಂಚೆ ಸರ್ವರ್ ಹೊರಗಿನ ಜಗತ್ತಿಗೆ ಪತ್ರವನ್ನು ದಾಟಿಸುವ ಹೊಸ್ತಿಲು.

1982ರಲ್ಲಿ ಜಾನ್ ಪೋಸ್ಟೆಲ್ ಬರೆದ, ಸರ್ವರಿನಿಂದ ಸರ್ವರಿಗೆ ಮಿಂಚಂಚೆ ಸಾಗಿಸುವ ಎಸ್‌ಎಂಟಿಪಿ ನಿಯಮಗಳಲ್ಲಿ ಪ್ರತಿ ಬೈಟಿನ ಎಂಟು ಬಿಟ್‌ಗಳ (ಸೊನ್ನೆ ಅಥವಾ ಒಂದರ ಅಂಕಿಗಳ) ಪೈಕಿ 7 ಬಿಟ್‌ಗಳಷ್ಟೇ ಪತ್ರಕ್ಕೆ ಸೇರಿದ್ದವು, ಎಂಟನೆಯದು ಸೊನ್ನೆಯಾಗಿರಬೇಕಿತ್ತು. ಏಳು ಬಿಟ್‌ಗಳಲ್ಲಿ ಸಿಗುವುದು 128 ಸಂಕೇತಗಳು. ಇಂಗ್ಲಿಷಿಗೆ ಅಷ್ಟು ಸಾಕು, ಆದರೆ 1978ರಲ್ಲೇ ಆರು ಸಾವಿರಕ್ಕೂ ಮಿಕ್ಕಿದ ಅಕ್ಷರಗಳನ್ನು ಅಡ್ಡ 94, ಉದ್ದ 94 ಮನೆಗಳ ಪಟ್ಟಿಯಲ್ಲಿ ಜೋಡಿಸಿಟ್ಟಿದ್ದ ಜಪಾನಿಗೆ ಇದು ಸೂಜಿಯ ಕಣ್ಣಿನಲ್ಲಿ ತೇರು ಎಳೆಯುವಂಥ ಕೆಲಸ. 1984ರಲ್ಲಿ ಜುನ್ ಮುರಾಯಿ ಆರಂಭಿಸಿದ ಜೆಯುನೆಟ್ ಎಂಬ ಜಾಲದಲ್ಲಿ ಬಳಕೆಗೆ ಬಂದು, 1993ರಲ್ಲಿ ಐಎಸ್‌ಒ-2022-ಜೆಪಿ ಎಂಬ ಹೆಸರಿನಲ್ಲಿ ದಾಖಲಾದ ಪದ್ಧತಿ ಆ ತೇರನ್ನು ಎಳೆದೇ ತೋರಿಸಿತು.

ಉಪಾಯ ಇಷ್ಟೇ. ಪಟ್ಟಿಯಲ್ಲಿ ಅಡ್ಡಕ್ಕೂ ಉದ್ದಕ್ಕೂ 94 ಮನೆಗಳಿರುವುದು ಆಕಸ್ಮಿಕವಲ್ಲ. ಏಳು ಬಿಟ್‌ಗಳ ಇಂಗ್ಲಿಷ್ ಪಟ್ಟಿಯಲ್ಲಿ ಕಣ್ಣಿಗೆ ಕಾಣುವ ಚಿಹ್ನೆಗಳೂ 94. ಹಾಗಾಗಿ ಎರಡೆರಡು ಇಂಗ್ಲಿಷ್ ಚಿಹ್ನೆಗಳನ್ನು ಜೋಡಿಸಿ ಒಂದೊಂದು ಜಪಾನಿ ಅಕ್ಷರವನ್ನು ಸೂಚಿಸಬಹುದು. ಜಪಾನಿ ಇಲ್ಲಿಂದ ಶುರು ಎಂದು ಹೇಳಲು ಎಸ್ಕೇಪ್ ಎಂಬ ಕಣ್ಣಿಗೆ ಕಾಣದ ಸಂಕೇತ, ಡಾಲರ್ ಚಿಹ್ನೆ, ಬಿ ಎಂಬ ಮೂರು ಬೈಟುಗಳ ಸನ್ನೆ. ಮರಳಿ ಇಂಗ್ಲಿಷಿಗೆ ಬರಲು ಇನ್ನೊಂದು ಸನ್ನೆ. ಸಂಗೀತ ಬಲ್ಲವರು ಇದನ್ನು ಗ್ರಹಭೇದವೆನ್ನಬಹುದು: ಮೋಹನದ ಸ್ವರಗಳನ್ನೇ ಹಿಡಿದು ರಿಷಭವನ್ನು ಷಡ್ಜವೆಂದು ಭಾವಿಸಿದೊಡನೆ ಕೇಳುವುದು ಮಧ್ಯಮಾವತಿ. ತಾಳಮದ್ದಳೆಯ ಹೋಲಿಕೆ ಇನ್ನೂ ಹತ್ತಿರದ್ದು. ವೇಷವಿಲ್ಲದೆ ಕುಳಿತ ಅರ್ಥಧಾರಿ ಭಾಗವತರ ಪದ್ಯ ಕೇಳಿದವರಿಗೆ ಕರ್ಣ, ಪದ್ಯ ತಪ್ಪಿಸಿಕೊಂಡು ತಡವಾಗಿ ಬಂದವರಿಗೆ ಶಾಲು ಹೊದ್ದ ಯಾರೋ ಒಬ್ಬರು. ಹಾಗೆಯೇ ದಾರಿಯ ಯಾವುದೋ ತಂತ್ರಾಂಶ ಎಸ್ಕೇಪ್ ಬೈಟನ್ನು ಕಸವೆಂದು ಗುಡಿಸಿಹಾಕಿದರೆ ಪದ್ಯವೇ ಹೋದಂತೆ. ಹಿರಗಾನ ಎಂಬ ಜಪಾನಿ ಲಿಪಿಯ ಪ್ರತಿ ಅಕ್ಷರದ ಮೊದಲ ಬೈಟೂ ಡಾಲರ್ ಚಿಹ್ನೆಯದೇ ಆದುದರಿಂದ, ಆಗ ಟೋಕಿಯೊದಿಂದ ಬಂದ ಕುಶಲ ಪತ್ರದಲ್ಲಿ ಡಾಲರುಗಳ ಮಳೆಯೇ ಸುರಿದಿರುತ್ತದೆ. ಜಪಾನೀಯರು ಈ ವಿಕಾರವನ್ನು ಮೊಜಿಬಾಕೆ ಎನ್ನುತ್ತಾರೆ. ಅದರಲ್ಲಿರುವ ಬಾಕೆ, ದೆವ್ವ ರೂಪ ಬದಲಿಸುವುದಕ್ಕೂ ಅವರು ಬಳಸುವ ಮಾತು.

1992ರಲ್ಲಿ ಬಂದ ಮೈಮ್ ನಿಯಮಗಳು ಪತ್ರದ ಮೇಲೆ ಅಕ್ಷರಗಣದ, ಅಂದರೆ ಯಾವ ಬೈಟಿಗೆ ಯಾವ ಅಕ್ಷರ ಎಂಬ ಪಟ್ಟಿಯ, ಚೀಟಿ ಅಂಟಿಸುವ ಕ್ರಮವನ್ನು ತಂದವು. ಆದರೆ ಚೀಟಿ ಬರೆಯುವ ಕೈ ಕನೆಕ್ಟರಿನದಾಗಿದ್ದರೆ, ಅದಕ್ಕೆ ಸರಿಯಾದ ಸೂಚನೆ ಇರಲೇಬೇಕು. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರಿನಲ್ಲಿ ಪ್ರತಿಯೊಂದು ದೂರದ ಡೊಮೇನಿಗೂ (ವಿಳಾಸದಲ್ಲಿ @ ಚಿಹ್ನೆಯ ನಂತರದ ಹೆಸರಿಗೂ) ಮೈಮ್ ಪತ್ರಗಳಿಗೆ ಒಂದು, ಮೈಮ್ ಅಲ್ಲದವುಗಳಿಗೆ ಮತ್ತೊಂದು ಅಕ್ಷರಗಣವನ್ನು ನಿಗದಿಪಡಿಸಬಹುದು. ಜಪಾನಿಗಾಗಿಯೇ ಅಲ್ಲಿ 50220, 50221, 50222 ಎಂಬ ಮೂರು ಆಯ್ಕೆಗಳಿವೆ. ಕಟಕಾನ ಎಂಬ ಇನ್ನೊಂದು ಜಪಾನಿ ಲಿಪಿಯ ಅರ್ಧ ಅಗಲದ ಅಕ್ಷರಗಳನ್ನು ಪೂರ್ಣ ಅಗಲಕ್ಕೆ ಹಿಗ್ಗಿಸಿ ಕಳುಹಿಸುವುದು 50220, ಹಾಗೆಯೇ ಉಳಿಸಿಕೊಳ್ಳುವ ರೀತಿಗಳು ಉಳಿದೆರಡು. ಕನ್ನಡಕ್ಕೆ ಇಂಥ ಕವಲುಗಳ ಗೋಜಿಲ್ಲ, ಜಗತ್ತಿನ ಲಿಪಿಗಳನ್ನೆಲ್ಲ ಒಳಗೊಳ್ಳುವ ಯುಟಿಎಫ್-8 ಒಂದೇ ರಾಜಮಾರ್ಗ. ಪಶ್ಚಿಮ ಯುರೋಪಿನ ಅಕ್ಷರಗಣವನ್ನೇ ಕಡ್ಡಾಯ ಮಾಡಿದ ಕನೆಕ್ಟರಿನ ಪಟ್ಟಿಯಲ್ಲಿ ‘ಕ’ಗೆ ಮನೆಯೇ ಇಲ್ಲದ್ದರಿಂದ ಅದು ಪ್ರಶ್ನಾರ್ಥಕ ಚಿಹ್ನೆಯಾಗಿಬಿಡುತ್ತದೆ.

ಯುಟಿಎಫ್-8ರಲ್ಲಿ ‘ಕ’ ಮೂರು ಬೈಟುಗಳು. ಮೂರು ಬೈಟುಗಳನ್ನು ನಾಲ್ಕು ಇಂಗ್ಲಿಷ್ ಚಿಹ್ನೆಗಳಾಗಿ ಹಂಚುವ ಬೇಸ್64 ಎಂಬ ಹೊದಿಕೆಯಲ್ಲಿ ಅದು 4, ಎಲ್, ಕೆ, ವಿ ಎಂದಾಗಿ ಏಳು ಬಿಟ್‌ಗಳ ಹಳೆಯ ದಾರಿಯಲ್ಲೂ ಕ್ಷೇಮವಾಗಿ ಸಾಗುತ್ತದೆ. ವಿಷಯದ ಸಾಲಿಗೆ ಬೇರೆಯದೇ ಹೊದಿಕೆ ಇದೆ. ಹೀಗಾಗಿಯೇ ಕೆಲವೊಮ್ಮೆ ವಿಷಯ ಓದಿಸಿಕೊಂಡು ಒಡಲು ಕೆಟ್ಟಿರುತ್ತದೆ. ವಿಳಾಸದಲ್ಲಿ @ ಚಿಹ್ನೆಗೆ ಮೊದಲಿನ ಹೆಸರಿಗೆ ಮಾತ್ರ ಇಂಥ ಹೊದಿಕೆ ಯಾವುದೂ ಇಲ್ಲ. ಅಲ್ಲಿ ಕನ್ನಡ ಬರೆಯಬೇಕಾದರೆ 2012ರ ಎಸ್‌ಎಂಟಿಪಿ-ಯುಟಿಎಫ್8 ವಿಸ್ತರಣೆಯನ್ನು ದಾರಿಯ ಪ್ರತಿ ಸರ್ವರೂ ಒಪ್ಪಿರಬೇಕು. ಮುಂದಿನ ಸರ್ವರ್ ತನಗೆ ಅದು ಗೊತ್ತೆಂದು ಸಾರದಿದ್ದರೆ, ಪತ್ರವು ವಿರೂಪವಾಗಿ ತಲುಪುವ ಬದಲು ಬರೆದವರ ಬಳಿಗೇ ಹಿಂದಿರುಗುತ್ತದೆ.