ಹೊಳವು, ಅಡಿಕೆ ಹಾಳೆ ಮತ್ತು ಜ್ವರ

ಮಲೆನಾಡಿನ ರೈತರು ಮಳೆಗಾಲವನ್ನು ನಕ್ಷತ್ರದ ಲೆಕ್ಕದಲ್ಲಿ ಹಿಡಿಯುತ್ತಾರೆ. ಆರಿದ್ರಾ, ಪುನರ್ವಸು, ಪುಷ್ಯ ಒಂದರ ಬೆನ್ನಿಗೊಂದು ಜಡಿ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣದು. ನಡುವೆ ಮಳೆ ಬಿಟ್ಟರೆ ಅದಕ್ಕೆ ಹೊಳವು ಎಂಬ ಹೆಸರಿದೆ. ಈ ಹೊಳವಿನ ಲೆಕ್ಕವೇ ಈಗ ತಪ್ಪುತ್ತಿದೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1951ರಿಂದ 2015ರೊಳಗೆ ದೇಶದ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಇಳಿದಿದೆ. ಇಳಿಕೆ ಎದ್ದು ಕಾಣುವ ಜಾಗಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಮಳೆಗಾಲದ ನಡುವೆ ಒಣ ದಿನಗಳು ಸಾಲಾಗಿ ಬರುವುದು ದೇಶದಲ್ಲಿ ಹೆಚ್ಚಿದೆ, ಸುರಿಯುವಾಗ ಒಮ್ಮೆಲೇ ಸುರಿಯುವುದೂ ಹೆಚ್ಚಿದೆ.

ಇದಕ್ಕೂ ಡೆಂಗಿ ಜ್ವರಕ್ಕೂ ಇರುವ ನಂಟು ತಿಳಿಯಬೇಕಾದರೆ ಅಡಿಕೆ ತೋಟದೊಳಗೆ ಹೋಗಬೇಕು. ಒಂಬತ್ತು ಅಡಿ ಅಂತರದಲ್ಲಿ ಹಾಕಿದ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಒಂದು ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಪ್ರತಿ ಸೋಗೆಯ ಬುಡದಲ್ಲಿ ಅಗಲವಾದ ಹಾಳೆ ಇರುತ್ತದೆ. ಅಂದರೆ ಎಕರೆಗೆ ಮೂರು ಸಾವಿರದ ಹತ್ತಿರ ಹಾಳೆ. ಹೊಟ್ಟೆ ಮೇಲಾಗಿ ಬಿದ್ದ ಪ್ರತಿ ಹಾಳೆಯೂ ನೀರು ಹಿಡಿಯುವ ದೋಣಿ. ಡೆಂಗಿ ಹರಡುವ ಈಡಿಸ್ ಜಾತಿಯ ಸೊಳ್ಳೆಗೆ, ಅದರಲ್ಲೂ ತೋಟದ ನೆರಳನ್ನು ಇಷ್ಟಪಡುವ ಈಡಿಸ್ ಆಲ್ಬೊಪಿಕ್ಟಸ್‌ಗೆ, ಒಂದು ಲೋಟ ತಿಳಿನೀರು ಧಾರಾಳವಾಯಿತು.

ಜಡಿಮಳೆಯಲ್ಲಿ ಹಾಳೆಯ ನೀರು ತುಂಬಿ ಹರಿಯುತ್ತಲೇ ಇರುವುದರಿಂದ ಮರಿಹುಳುಗಳು ಕೊಚ್ಚಿಹೋಗುತ್ತವೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು–ಹತ್ತು ದಿನ ನೀರು ಅಲುಗದೆ ನಿಲ್ಲಬೇಕು. ಎರಡು ದಿನ ಜೋರು ಮಳೆ, ಹತ್ತು ದಿನ ಹೊಳವು, ಮತ್ತೆ ಮಳೆ ಎಂಬ ಈಗಿನ ನಡೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲು ಜನ ತೋಟಕ್ಕಿಳಿಯುವುದೂ ಇದೇ ಹೊಳವಿನಲ್ಲಿ. ಈ ಸೊಳ್ಳೆ ಕಚ್ಚುವುದು ಹಗಲು ಹೊತ್ತು, ಹೆಚ್ಚಾಗಿ ಬೆಳಗ್ಗೆ ಮತ್ತು ಸಂಜೆಯ ಮುನ್ನ. ರಾತ್ರಿ ಕಟ್ಟುವ ಸೊಳ್ಳೆಪರದೆ ಇಲ್ಲಿ ಹೆಚ್ಚು ಕೆಲಸಕ್ಕೆ ಬಾರದು.

ಇದಕ್ಕೆ ಉಷ್ಣತೆಯೂ ಜೊತೆ ಸೇರುತ್ತದೆ. ರೋಗಿಯ ರಕ್ತ ಹೀರಿದ ಸೊಳ್ಳೆ ತಕ್ಷಣ ರೋಗ ಹರಡುವುದಿಲ್ಲ, ವೈರಸ್ ಅದರ ಹೊಟ್ಟೆಯಿಂದ ಜೊಲ್ಲುಗ್ರಂಥಿಗೆ ತಲುಪಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದಕ್ಕೆ ಸರಾಸರಿ ಎರಡು ವಾರ ಬೇಕು, 30 ಡಿಗ್ರಿಯಲ್ಲಿ ಒಂದು ವಾರದೊಳಗೆ ಮುಗಿಯುತ್ತದೆ. ಹೆಣ್ಣು ಸೊಳ್ಳೆಯ ಆಯಸ್ಸೇ ಕೆಲವು ವಾರ. ತಂಪಿನಲ್ಲಿ ವೈರಸ್ ಸಿದ್ಧವಾಗುವ ಮೊದಲೇ ಸಾಯುತ್ತಿದ್ದ ಸೊಳ್ಳೆಗಳಲ್ಲಿ ಹಲವು ಸೆಖೆ ಏರಿದರೆ ರೋಗ ದಾಟಿಸಿಯೇ ಸಾಯುತ್ತವೆ. ಮಲೆನಾಡಿನ ತಂಪು ಇಷ್ಟು ದಿನ ಸದ್ದಿಲ್ಲದೆ ಕಾಯುತ್ತಿತ್ತು, ಆ ಕಾವಲು ಸಡಿಲವಾಗುತ್ತಿದೆ.

ಹಾಳೆಯ ನೀರು ಚೆಲ್ಲಿದರೆ ಸಾಲದು ಎಂಬುದನ್ನು ಬಿಡಿಸಿ ಹೇಳಬೇಕು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗೆ ತುಸು ಮೇಲೆ, ಹಾಳೆಯ ಮೈಗೆ ಅಂಟಿಸಿ. ಒಣಗಿದ ಮೇಲೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿದ್ದು ನೀರು ತಾಗಿದ ಕೂಡಲೇ ಒಡೆಯುತ್ತದೆ. ಹಾಗಾಗಿ ಹಾಳೆಯನ್ನು ಸೋಗೆಯಿಂದ ಕಡಿದು ಉದ್ದಕ್ಕೆ ಸೀಳಬೇಕು, ಇಲ್ಲವೇ ಬೆನ್ನು ಮೇಲಾಗುವಂತೆ ಮಗುಚಿ ಹಾಕಬೇಕು. ತಟ್ಟೆ ಮಾಡಲು ಕೂಡಿಟ್ಟ ಹಾಳೆ ಮಾಡಿನಡಿ ಇರಲಿ. ಇದು ವಾರಕ್ಕೊಮ್ಮೆ ಆಗಬೇಕಾದ ಕೆಲಸ, ಹತ್ತು ದಿನ ಬಿಟ್ಟರೆ ಸೊಳ್ಳೆ ಹಾರಿಹೋಗಿರುತ್ತದೆ. ಬೋರ್ಡೋ ಕಲಸಿದ ಡ್ರಮ್ಮು, ಟಾರ್ಪಾಲಿನ ಮಡಿಕೆ, ರಬ್ಬರ್ ಹಾಲಿನ ಬಟ್ಟಲು, ಕೊಕ್ಕೋ ಕಾಯಿಯ ಸಿಪ್ಪೆ ಇವನ್ನೂ ಮರೆಯಬಾರದು. ತೊಳೆಯುವಾಗ ಒಳಮೈಯನ್ನು ತಿಕ್ಕಿಯೇ ತೊಳೆಯಬೇಕು.

ಮಳೆ ನಿಂತ ಮೇಲೆ ಕಾಡಿನ ಸರದಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಈಗ ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರದಲ್ಲೂ ಕಂಡಿದೆ. ಹರಡಿದ್ದಕ್ಕೆ ಹವಾಮಾನವೊಂದನ್ನೇ ದೂರುವುದು ಸರಿಯಲ್ಲ. ಕಾಡು ಕಡಿದು ತುಂಡುತುಂಡಾಗಿರುವುದು, ಅದರ ಅಂಚಿನಲ್ಲಿ ಜನ, ದನ, ಮಂಗ ಒಂದಾಗಿ ಓಡಾಡುವುದು ದೊಡ್ಡ ಕಾರಣ. ಆದರೆ ರೋಗ ತರುವ ಉಣುಗಿನ (ಉಣ್ಣೆಯ) ಬದುಕು ಮಳೆಗೆ ಕಟ್ಟುಬಿದ್ದಿದೆ. ಬಲಿತ ಉಣುಗು ಮುಂಗಾರಿನಲ್ಲಿ ದನದ ರಕ್ತ ಕುಡಿದು ನೆಲಕ್ಕುದುರಿ ಮೊಟ್ಟೆ ಇಡುತ್ತದೆ. ಮಳೆ ಹಿಂದೆ ಸರಿದ ಮೇಲೆ ಮರಿ, ಆಮೇಲೆ ಡಿಸೆಂಬರಿನಿಂದ ಮೇ ತನಕ ಎಳೆ ಉಣುಗು. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಈ ಎಳೆಯದೇ. ಸಾಸಿವೆ ಕಾಳಿಗಿಂತ ದೊಡ್ಡದಿಲ್ಲದ ಅದು ಕಚ್ಚಿದ್ದೂ ಗೊತ್ತಾಗದು. ಆದ್ದರಿಂದ ಕ್ಯಾಲೆಂಡರ್ ನೋಡಿ ಎಚ್ಚರ ವಹಿಸುವುದಕ್ಕಿಂತ ಕಾಡಿನ ನೆಲ ಒಣಗಿ ದರಗು (ಒಣ ಎಲೆ) ಉದುರುವುದನ್ನು ನೋಡಿ ಶುರುಮಾಡುವುದು ಒಳ್ಳೆಯದು.

ದಶಕಗಳ ಕಾಲ ಕೊಟ್ಟ ಲಸಿಕೆಯ ಫಲ ಕುಗ್ಗುತ್ತ ಬಂದು ಅದನ್ನು ನಿಲ್ಲಿಸಲಾಗಿದೆ, ರೋಗಕ್ಕೆಂದೇ ಇರುವ ಔಷಧಿಯೂ ಇಲ್ಲ. ನೂರರಲ್ಲಿ ಮೂರರಿಂದ ಐದು ರೋಗಿಗಳು ಸಾಯುವ ಕಾಯಿಲೆ ಇದು. ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಬೇಕು. ಕಣ್ಣು, ಬಾಯಿ, ಗಾಯಕ್ಕೆ ಸೋಕಬಾರದು. ಮೈ ಮುಚ್ಚುವ ಬಟ್ಟೆ ಬೇಕು. ಮರಳಿದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈ ಸೋಪು ಹಾಕಿದ ಬಿಸಿನೀರ ಸ್ನಾನಕ್ಕೆ. ಮೊಣಕಾಲಿನ ಹಿಂಭಾಗ, ತೊಡೆಸಂದು, ಕಂಕುಳು, ಕೂದಲ ಅಂಚು ಹುಡುಕಿ ನೋಡಬೇಕು. ಅಂಟಿದ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆಳೆಯಬೇಕು. ಸೀಮೆಎಣ್ಣೆ, ಬೆಂಕಿ ಬೇಡ. ಮಂಗ ಸತ್ತ ಜಾಗದ ಸುತ್ತ ಸಾವಿರಾರು ಉಣುಗು ಉದುರಿರುತ್ತವೆ, ಅಲ್ಲಿಗೆ ಸುಳಿಯದೆ ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಆ ಕಾಡಿನ ದರಗನ್ನು ಕೊಟ್ಟಿಗೆಗೆ ಹಾಸಲು ತರುವುದೆಂದರೆ ಉಣುಗನ್ನು ಮನೆಗೇ ಹೊತ್ತು ತಂದಂತೆ.

ಒಮ್ಮೆಲೇ ಸುರಿದು ಗದ್ದೆ, ಬಸಿಗಾಲುವೆ ಉಕ್ಕಿದಾಗ ಬರುವುದು ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯದ ಮೂಲಕ ಒಳಸೇರುತ್ತದೆ. ಗಾಯಕ್ಕೆ ಪಟ್ಟಿ, ಕಾಲಿಗೆ ಗಂಬೂಟು ಬೇಕು.

ಮೂರೂ ಜ್ವರ ಶುರುವಾಗುವುದು ಹೆಚ್ಚುಕಡಿಮೆ ಒಂದೇ ರೀತಿ: ದಿಢೀರ್ ಕಾವು, ತಲೆನೋವು, ಮೈಕೈ ನೋವು. ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು ಎಂದರೆ ಇಲಿಜ್ವರದ ಅನುಮಾನ ಹೆಚ್ಚು. ಡೆಂಗಿಯಲ್ಲಿ ಅಪಾಯ ಬರುವುದು ಜ್ವರ ಇಳಿಯುವಾಗ, ಮೂರರಿಂದ ಏಳನೇ ದಿನದೊಳಗೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ ಕಂಡರೆ ಆಸ್ಪತ್ರೆಗೇ ಹೋಗಬೇಕು. ಪರೀಕ್ಷೆ ಹೇಳುವವರೆಗೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬಾರದು, ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. ಡೆಂಗಿಯ ಎನ್‌ಎಸ್1 ಪರೀಕ್ಷೆ ಸರಿಯಾಗಿ ಹೇಳುವುದು ಮೊದಲ ಐದು ದಿನ, ಮಂಗನ ಕಾಯಿಲೆಗೆ ಬೇರೆಯೇ ಪರೀಕ್ಷೆ. ಯಾವುದನ್ನು ಮಾಡಿಸಬೇಕೆಂದು ವೈದ್ಯರಿಗೆ ತಿಳಿಯಬೇಕಾದರೆ ಜ್ವರ ಎಂದು ಶುರುವಾಯಿತು, ಹಿಂದಿನ ಎರಡು ವಾರದಲ್ಲಿ ಕಾಡಿಗೆ, ತೋಟಕ್ಕೆ, ಗದ್ದೆಗೆ ಯಾವಾಗ ಇಳಿದದ್ದು ಎಂಬುದನ್ನು ರೋಗಿಯೇ ಮೊದಲು ಹೇಳಬೇಕು.