ಕಾಮಾ ಹಾಕಿದರೆ ವಾಕ್ಯ ಅಂಟೋದಿಲ್ಲ

ಸಂಜೆ ತರಗತಿಗೆ ಬರುವ ಹುಡುಗನೊಬ್ಬ ಮೊಬೈಲ್ ನನ್ನ ಮುಂದೆ ಹಿಡಿದ. "ಮೇಡಂ, ಸ್ಪೆಲ್ಲಿಂಗ್ ಎಲ್ಲಾ ನೋಡಿದೀನಿ, ಸರಿಯಿದೆ. ಆದ್ರೂ ಮ್ಯಾನೇಜರ್ ಇಂಗ್ಲಿಷ್ ಸರಿಮಾಡ್ಕೋ ಅಂತಾರೆ." ರಜೆ ಕೇಳಿ ಬರೆದ ಮೇಲ್ ಅದು:

"ಐ ವೆಂಟ್ ಟು ಮೈ ವಿಲೇಜ್, ಮೈ ಫಾದರ್ ವಾಸ್ ನಾಟ್ ವೆಲ್, ಐ ಟುಕ್ ಹಿಮ್ ಟು ದ ಹಾಸ್ಪಿಟಲ್, ದ ಡಾಕ್ಟರ್ ಆಸ್ಕ್ಡ್ ಹಿಮ್ ಟು ರೆಸ್ಟ್, ಐ ನೀಡ್ ಟೂ ಮೋರ್ ಡೇಸ್. ಬಿಕಾಸ್ ದೇರ್ ಈಸ್ ನೋ ಒನ್ ಎಲ್ಸ್ ಅಟ್ ಹೋಮ್. ಹೋಪಿಂಗ್ ಫಾರ್ ಯುವರ್ ಅಪ್ರೂವಲ್."

ಪದಗಳಲ್ಲಿ ತಪ್ಪಿಲ್ಲ, ನಿಜ. ಆದರೆ ಮೊದಲ ಸಾಲಿನಲ್ಲಿ ಐದು ವಾಕ್ಯಗಳು ಕಾಮಾ ಹಿಡಿದು ಜೋತುಬಿದ್ದಿವೆ. ಇದಕ್ಕೆ ರನ್-ಆನ್ ಅಂತಾರೆ. ಕೊನೆಯ ಎರಡು ಸಾಲು ವಾಕ್ಯವೇ ಅಲ್ಲ, ತುಂಡುಗಳು. ಅವಕ್ಕೆ ಫ್ರಾಗ್ಮೆಂಟ್ ಅಂತ ಹೆಸರು.

ಹುಡುಗ ದಡ್ಡನಲ್ಲ. ಅವನ ಕೈಯಲ್ಲಿ ಬರೆಸಿದ್ದು ಕನ್ನಡ. "ಊರಿಗೆ ಹೋಗಿ, ಅಪ್ಪನ್ನ ಆಸ್ಪತ್ರೆಗೆ ತೋರಿಸಿ, ಔಷಧಿ ತಗೊಂಡು ಬಂದೆ" ಅಂತೀವಲ್ವಾ? ಹೋಗಿ, ತೋರಿಸಿ, ತಗೊಂಡು. ಇವು ಮೂರೂ ಬಾಗಿಲು ತೆರೆದಿಟ್ಟ ಕ್ರಿಯಾಪದಗಳು, ಮುಂದೇನು ಅಂತ ಕಾಯ್ತಾ ಇರುತ್ತವೆ. ಬಾಗಿಲು ಹಾಕೋದು 'ಬಂದೆ' ಒಂದೇ. ಇನ್ನೂ ನಾಲ್ಕು ಕೆಲಸ ಸೇರಿಸಿದರೂ ನಮ್ಮ ವಾಕ್ಯ ಮುರಿಯೋದಿಲ್ಲ. ಇಂಗ್ಲಿಷಿನ 'ಐ ವೆಂಟ್' ಮಾತ್ರ 'ಹೋಗಿ' ಅಲ್ಲ, 'ಹೋದೆ'. 'ಐ ಟುಕ್' ಅಂದರೆ 'ಕರೆದುಕೊಂಡು ಹೋದೆ'. ಪ್ರತಿಯೊಂದೂ ಬಾಗಿಲು ಹಾಕುತ್ತದೆ. ಹಾಕಿದ ಬಾಗಿಲಿಗೆ ಇನ್ನೊಂದನ್ನು ಅಂಟಿಸುವ ಶಕ್ತಿ ಕಾಮಾಕ್ಕಿಲ್ಲ.

ತುಂಡುಗಳ ಕಥೆಯೂ ಹೀಗೇ. 'ಅವನು ನನ್ನ ತಮ್ಮ' ಅನ್ನೋಕೆ ನಮಗೆ ಕ್ರಿಯಾಪದ ಬೇಡ. 'ಬಂದೆ' ಅನ್ನೋಕೆ 'ನಾನು' ಬೇಡ. ಇಂಗ್ಲಿಷಿಗೆ ಎರಡೂ ಬೇಕು. ಇನ್ನು 'ಬಿಕಾಸ್' ಅಂದ ಕೂಡಲೇ ನಮಗೆ ನೆನಪಾಗೋದು 'ಯಾಕಂದ್ರೆ'. 'ಯಾಕಂದ್ರೆ ಮನೇಲಿ ಯಾರೂ ಇಲ್ಲ' ಅಂತ ನಿಲ್ಲಿಸಬಹುದು. ಆದರೆ ಇಂಗ್ಲಿಷಿನಲ್ಲಿ ಅದು ಮಾಡುವ ಕೆಲಸ 'ಇಲ್ಲದ್ದರಿಂದ' ಅನ್ನುವುದರದ್ದು. 'ಮನೇಲಿ ಯಾರೂ ಇಲ್ಲದ್ದರಿಂದ' ಅಂತ ಹೇಳಿ ಸುಮ್ಮನಾಗಿ ನೋಡಿ. ಎದುರಿಗಿದ್ದವರು 'ಹ್ಞೂಂ, ಆಮೇಲೆ?' ಅನ್ನದೆ ಬಿಡೋದಿಲ್ಲ.

ಹಾಗಂತ 'ಬಿಕಾಸ್' ಇಂದ ವಾಕ್ಯ ಶುರುಮಾಡಲೇಬಾರದು ಅಂತ ಎಷ್ಟೋ ಜನ ಶಾಲೆಯಲ್ಲಿ ಕಲಿತು ಬಂದಿರುತ್ತಾರೆ. ಅದು ಸುಳ್ಳು. 'ಬಿಕಾಸ್ ದೇರ್ ಈಸ್ ನೋ ಒನ್ ಎಲ್ಸ್ ಅಟ್ ಹೋಮ್, ಐ ನೀಡ್ ಟೂ ಮೋರ್ ಡೇಸ್' ಪೂರ್ತಿ ಸರಿ. 'ಆಮೇಲೆ?' ಅನ್ನೋದಕ್ಕೆ ಉತ್ತರ ಅಲ್ಲೇ ಇದೆ.

ಅನುಮಾನ ಬಂದಾಗ ಒಂದು ಪರೀಕ್ಷೆ ಮಾಡಿಸುತ್ತೇನೆ. ಸಾಲಿನ ಮುಂದೆ 'ಐ ನೋ ದಟ್' ಇಟ್ಟು ಓದಿ. 'ಐ ನೋ ದಟ್ ಮೈ ಫಾದರ್ ವಾಸ್ ನಾಟ್ ವೆಲ್' ಸರಿಯಾಗಿ ಕೂರುತ್ತದೆ. 'ಐ ನೋ ದಟ್ ಹೋಪಿಂಗ್ ಫಾರ್ ಯುವರ್ ಅಪ್ರೂವಲ್' ಗಾಳಿಯಲ್ಲಿ ನೇತಾಡುತ್ತದೆ. ಪ್ರಶ್ನೆಗಳಿಗೆ, ಆಜ್ಞೆಗಳಿಗೆ ಈ ಪರೀಕ್ಷೆ ಒಗ್ಗೋದಿಲ್ಲ. 'ಗೋ' ಅನ್ನುವ ಒಂದೇ ಪದ ಪೂರ್ಣ ವಾಕ್ಯ, ಅದರೊಳಗೆ 'ಯೂ' ಅಡಗಿದೆ. ಅಂದಹಾಗೆ, ರನ್-ಆನ್ ಅಂದರೆ ಉದ್ದದ ವಾಕ್ಯ ಅಲ್ಲ. 'ಐ ರ‍್ಯಾನ್, ಹಿ ಫೆಲ್' ನಾಲ್ಕೇ ಪದ, ಆದರೂ ರನ್-ಆನ್. ಸೀಸರನ 'ಐ ಕೇಮ್, ಐ ಸಾ, ಐ ಕಾಂಕರ್ಡ್' ಹೇಗೆ ಸರಿ ಅಂತ ಯಾರಾದರೂ ಕೇಳಿಯೇ ಕೇಳ್ತಾರೆ. ಒಂದೇ ಅಚ್ಚಿನ ಪುಟ್ಟ ವಾಕ್ಯಗಳ ಸಾಲಿಗೆ ವಿನಾಯಿತಿ ಇದೆ. ರಜೆ ಅರ್ಜಿಗೆ ಇಲ್ಲ.

ಸರಿಮಾಡೋಕೆ ಮೊದಲ ಮದ್ದು ಫುಲ್‌ಸ್ಟಾಪ್. ಎರಡನ್ನು ಸೇರಿಸಲೇಬೇಕಿದ್ದರೆ ಕಾಮಾದ ಜೊತೆ ಆ್ಯಂಡ್, ಬಟ್, ಸೋ, ಆರ್, ಯೆಟ್, ನಾರ್, ಫಾರ್ ಈ ಏಳರಲ್ಲಿ ಒಂದನ್ನು ಇಡಿ. ಸೆಮಿಕೋಲನ್ನೂ ಸೇರಿಸುತ್ತದೆ, ಆದರೆ ಹೊಸಬರಿಗೆ ಅದನ್ನು ಆರು ತಿಂಗಳು ಮುಟ್ಟಬೇಡಿ ಅಂತೀನಿ. ಒಮ್ಮೆ ರುಚಿ ಹತ್ತಿದರೆ ಎಲ್ಲೆಂದರಲ್ಲಿ ಉದುರಿಸ್ತಾರೆ.

ಸಾಫ್ಟ್‌ವೇರ್‌ನವರು ಜಾಸ್ತಿ ಎಡವೋದು 'ಹೌಎವರ್' ಹತ್ತಿರ. 'ದ ಸರ್ವರ್ ಈಸ್ ಅಪ್, ಹೌಎವರ್ ದ ಲಾಗಿನ್ ಈಸ್ ಫೇಲಿಂಗ್.' ಅರ್ಥ 'ಬಟ್' ಥರವೇ, ಕೆಲಸ ಬೇರೆ. 'ದ ಲಾಗಿನ್, ಹೌಎವರ್, ಈಸ್ ಫೇಲಿಂಗ್' ಅಂತ ಅದನ್ನು ಎತ್ತಿ ನಡುವೆ ಕೂರಿಸಬಹುದು. 'ಬಟ್' ಹಾಗೆ ಕದಲೋದಿಲ್ಲ. ಹೀಗೆ ಓಡಾಡುವ ಪದ ಕೊಂಡಿಯಾಗಲಾರದು. ಎರಡು ವಾಕ್ಯಗಳ ನಡುವೆ ಬಂದಾಗ ಅದರ ಹಿಂದೆ ಕಾಮಾ ಸಾಲದು, ಫುಲ್‌ಸ್ಟಾಪೋ ಸೆಮಿಕೋಲನ್ನೋ ಬೇಕು. 'ದೇರ್‌ಫೋರ್', 'ದೆನ್' ಕೂಡ ಇದೇ ಜಾತಿ.

ಹುಡುಗ ಅಲ್ಲೇ ಕೂತು ತಿದ್ದಿದ: "ಐ ವೆಂಟ್ ಟು ಮೈ ವಿಲೇಜ್ ಬಿಕಾಸ್ ಮೈ ಫಾದರ್ ವಾಸ್ ನಾಟ್ ವೆಲ್. ಐ ಟುಕ್ ಹಿಮ್ ಟು ದ ಹಾಸ್ಪಿಟಲ್, ಆ್ಯಂಡ್ ದ ಡಾಕ್ಟರ್ ಆಸ್ಕ್ಡ್ ಹಿಮ್ ಟು ರೆಸ್ಟ್. ದೇರ್ ಈಸ್ ನೋ ಒನ್ ಎಲ್ಸ್ ಅಟ್ ಹೋಮ್, ಸೋ ಐ ನೀಡ್ ಟೂ ಮೋರ್ ಡೇಸ್."

'ಹೋಪಿಂಗ್' ಸಾಲನ್ನು ಅಳಿಸೋಕೆ ಅವನಿಗೆ ಮನಸ್ಸಿಲ್ಲ. "ಮರ್ಯಾದೆ ಕಮ್ಮಿ ಆಗಲ್ವಾ ಮೇಡಂ?" ಅಂದ. 'ಥ್ಯಾಂಕ್ ಯೂ' ಹಾಕು, ಸಾಕು ಅಂದೆ.

"ಅದರಲ್ಲಿ ಕರ್ತೃ ಎಲ್ಲಿದೆ?" ಅಂತ ಕೇಳಿದ.

ಕೇಳಬೇಕಾದ ಪ್ರಶ್ನೆಯೇ. 'ಐ ಥ್ಯಾಂಕ್ ಯೂ' ಅನ್ನೋದು ಬಳಸಿ ಬಳಸಿ ಸವೆದು 'ಐ' ಉದುರಿಹೋಗಿದೆ ಅಂತ ಹೇಳಿದೆ.